ಆರಂಭದಲ್ಲಿಯೇ ಸ್ಥಗಿತವಾಗುವ ಗಣಕಯಂತ್ರ: ಗ್ರಾಫಿಕ್ಸ್ ಡ್ರೈವರಿನ ಸ್ಮೃತಿದೋಷದ ಪರಿಶೀಲನೆ

ಗಣಕಯಂತ್ರವು ಚಾಲನೆಗೊಳ್ಳುವಾಗಲೇ ನೀಲಿ ಪರದೆಯನ್ನು ತೋರಿ ಮತ್ತೆ ಮತ್ತೆ ಸ್ಥಗಿತವಾಗುವುದುಂಟು. ಆಗ ಯಂತ್ರವೇ ಕೆಟ್ಟಿತೆಂದು ಬಗೆದು, ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವವರು ಹಲವರು. ಇದರಿಂದ ವಿದ್ಯಾರ್ಥಿಗಳು ವರ್ಷವಿಡೀ ಸಿದ್ಧಪಡಿಸಿದ ಪ್ರಬಂಧಗಳೂ ಪ್ರಯೋಗದ ಲೆಕ್ಕಗಳೂ ನಷ್ಟವಾಗಬಹುದು. ನಂಜನಗೂಡು, ತಿರುಮಕೂಡಲು ನರಸೀಪುರಗಳಂತಹ ಊರುಗಳ ಕಾಲೇಜುಗಳಲ್ಲಿ, ಯಂತ್ರವನ್ನು ದುರಸ್ತಿಗಾಗಿ ಮೈಸೂರಿಗೆ ಒಯ್ಯುವ ಮುನ್ನ ಅಧ್ಯಾಪಕರೇ ನಡೆಸಬಹುದಾದ ಪರೀಕ್ಷೆಯೊಂದನ್ನು ಇಲ್ಲಿ ವಿವರಿಸಲಾಗಿದೆ.

ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಅಂಗಕ್ಕೂ ಕಾರ್ಯವ್ಯವಸ್ಥೆಗೂ ನಡುವೆ ನಿಂತು ಕೆಲಸ ಮಾಡುವ ತಂತ್ರಾಂಶವೇ ಗ್ರಾಫಿಕ್ಸ್ ಡ್ರೈವರ್. ಕಡಿಮೆ ಬೆಲೆಯ ಯಂತ್ರಗಳಲ್ಲಿ ಈ ಅಂಗಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಸ್ಮೃತಿಯಿರುವುದಿಲ್ಲ. ಮುಖ್ಯಸ್ಮೃತಿಯಲ್ಲಿಯೇ ಅದು ಪಾಲು ಪಡೆಯುತ್ತದೆ. ನರಸೀಪುರದ ಸಂಗಮದಿಂದ ಕೆಳಗೆ ಕಾವೇರಿ ಕಪಿಲೆಗಳೆರಡರ ನೀರೂ ಒಂದೇ ಪಾತ್ರದಲ್ಲಿ ಹರಿಯುವಂತೆ, ಇಲ್ಲಿ ಎಣಿಕೆಯ ಕೆಲಸವೂ ಚಿತ್ರದ ಕೆಲಸವೂ ಒಂದೇ ಸ್ಮೃತಿಯನ್ನು ಬಳಸುತ್ತವೆ. ಆದುದರಿಂದ ಸ್ಮೃತಿಯ ಫಲಕ ಕೆಟ್ಟರೂ ಚಿತ್ರ ಕೆಡಬಹುದು. ಸಾಮಾನ್ಯ ತಂತ್ರಾಂಶ ತಪ್ಪಿ ನಡೆದರೆ ಅದೊಂದೇ ಮುಚ್ಚಿಹೋಗುತ್ತದೆ. ಡ್ರೈವರಿನ ಮುಖ್ಯಭಾಗವಾದರೋ ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ಲಿನಲ್ಲಿ ನಡೆಯುವುದರಿಂದ, ಅದು ತನಗೆ ಸಲ್ಲದ ಸ್ಮೃತಿಸ್ಥಾನವನ್ನು ಮುಟ್ಟಿದರೆ ಇಡೀ ಯಂತ್ರವೇ ನಿಲ್ಲುತ್ತದೆ.

ಹಾಗಾದರೆ ದೋಷ ಫಲಕದ್ದೋ ಡ್ರೈವರಿನದೋ ಎಂದು ತಿಳಿಯುವುದು ಹೇಗೆ? ಸ್ಥಗಿತವಾಗುವ ಘಟ್ಟವನ್ನು ಮೊದಲು ಗಮನಿಸಬೇಕು. ತಯಾರಕರ ಮುದ್ರೆಯೂ ವಿಂಡೋಸ್ ಚಿಹ್ನೆಯೂ ಸರಿಯಾಗಿ ಮೂಡಿ, ಅನಂತರ ಪರದೆ ಕಪ್ಪಾಗಿ ಯಂತ್ರ ನಿಂತರೆ ಡ್ರೈವರಿನ ಮೇಲೆ ಸಂಶಯ ಹುಟ್ಟುತ್ತದೆ; ಮೊದಲ ಚಿತ್ರಗಳಿಗೆ ಆ ಡ್ರೈವರ್ ಬೇಕಿಲ್ಲ. ನೀಲಿ ಪರದೆಯ ಮೇಲೆ ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂದಿದ್ದರೆ, ನಿಗದಿತ ಅವಧಿಯಲ್ಲಿ—ಸಾಮಾನ್ಯವಾಗಿ 2 ಸೆಕೆಂಡು—ಉತ್ತರ ಕೊಡದ ಚಿತ್ರಾಂಗವನ್ನು ಮರಳಿ ಎಚ್ಚರಿಸುವ ಯತ್ನ ವಿಫಲವಾಯಿತೆಂದು ಅರ್ಥ.

ಎರಡನೆಯದಾಗಿ ಯಂತ್ರವನ್ನು ಸೇಫ್ ಮೋಡಿನಲ್ಲಿ ಆರಂಭಿಸಬೇಕು. ಇಲ್ಲಿ ತಯಾರಕರ ಡ್ರೈವರನ್ನು ಬಿಟ್ಟು ವಿಂಡೋಸ್ ತನ್ನ ಸರಳ ಡ್ರೈವರನ್ನೇ ಬಳಸುತ್ತದೆ. ಯಂತ್ರ ಸ್ಥಿರವಾಗಿ ನಿಂತರೆ, ಮೊದಲು ಕಡತಗಳ ಪ್ರತಿ ತೆಗೆಯಬೇಕು. ಅನಂತರ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಬೇಕು, ಇಲ್ಲವೆ ತೆಗೆದುಹಾಕಬೇಕು. ಆಗ ಅಂತರಜಾಲದ ಸಂಪರ್ಕ ಕಡಿದಿರುವುದು ಲೇಸು. ಇಲ್ಲವಾದರೆ ಅದೇ ಡ್ರೈವರ್ ತಾನಾಗಿ ಮರಳಿ ಬರಬಹುದು. ಸೇಫ್ ಮೋಡಿನಲ್ಲಿಯೂ ಯಂತ್ರ ಕುಸಿದು, ಪ್ರತಿಸಲವೂ ಬೇರೆ ಬೇರೆ ದೋಷನಾಮ ಕಾಣಿಸಿದರೆ ಸ್ಮೃತಿಫಲಕವನ್ನೇ ಶಂಕಿಸಬೇಕು. ಮೆಮೊರಿ ಡಯಾಗ್ನೋಸ್ಟಿಕ್ ನಡೆಸಿ, ಫಲಕಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಕೆಟ್ಟುದು ಯಾವುದೆಂದು ತಿಳಿಯುತ್ತದೆ.

ಈ ಕ್ರಮದ ಮಹತ್ತ್ವಕ್ಕೆ, ಗ್ರಾಫಿಕ್ಸಿಗೆ ಸಂಬಂಧಿಸದಿದ್ದರೂ ಅದೇ ಜಾತಿಯ, ನಿದರ್ಶನವೊಂದುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಪರಿಷ್ಕರಣದಿಂದ ಅದರ ಡ್ರೈವರ್ ಸಲ್ಲದ ಸ್ಮೃತಿಸ್ಥಾನವನ್ನು ಓದಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ನೋಂದಣಿಗೆ ಅಡಚಣೆಯಾಯಿತು. ಆ ಯಂತ್ರಗಳು ಕೆಟ್ಟಿರಲಿಲ್ಲ. ಸೇಫ್ ಮೋಡಿನಲ್ಲಿ ಆರಂಭಿಸಿ ಒಂದು ಕಡತವನ್ನು ಅಳಿಸಿದೊಡನೆ ಅವು ಚೇತರಿಸಿಕೊಳ್ಳಬಹುದಾಗಿತ್ತು. ಆದರೆ ಬಿಟ್‌ಲಾಕರ್ ಬೀಗವಿದ್ದಲ್ಲಿ ಕೀಲಿಸಂಖ್ಯೆಯಿಲ್ಲದೆ ಕೆಲಸ ತಡೆಯಿತು.

ಆದುದರಿಂದ ಪ್ರತಿಯೊಂದು ಪ್ರಯೋಗಾಲಯದಲ್ಲಿಯೂ ಕೀಲಿಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡುವುದು ಅವಶ್ಯ. ದೋಷದ ನೆಲೆಯನ್ನು ನಿರ್ಧರಿಸುವವರೆಗೆ ಡಿಸ್ಕನ್ನು ಅಳಿಸದಿರುವುದು ಅದಕ್ಕಿಂತಲೂ ಅವಶ್ಯ. ಯಂತ್ರಕ್ಕೆ ಬದಲಿ ಯಂತ್ರ ದೊರೆತೀತು. ವಿದ್ಯಾರ್ಥಿಯ ಒಂದು ವರ್ಷದ ಶ್ರಮಕ್ಕೆ ಬದಲಿಯಿಲ್ಲ.