ಅಚ್ಚಾಗದೆ ಉಳಿದ ಲೇಖನದ ಕಥೆ

ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಈದ್‌ಗೆ ಮನೆಗೆ ಬಂದಿದ್ದಳು. ಪಾಯಸದ ಲೋಟ ಕೈಯಲ್ಲಿ ಹಾಗೆಯೇ ಇತ್ತು. ಮುಖ ಬಾಡಿತ್ತು. "ನಾಲ್ಕು ವರ್ಷವಾಯಿತು ಟೀಚರ್, ಅಚ್ಚಾದದ್ದು ಒಂದೇ ಲೇಖನ. ಜೊತೆಯವರದ್ದು ಐದಾರು ಆಗಿದೆ" ಎಂದಳು.

ಲೇಖನಗಳ ಎಣಿಕೆ ಅಷ್ಟು ಮುಖ್ಯವೇ ಎಂದು ಕೇಳಿದೆ. ಎಣಿಕೆ ಮಾತ್ರವಲ್ಲವಂತೆ. ನಮ್ಮ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕವೂ ಇದೆ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಇವೆರಡನ್ನೂ ಸೇರಿಸಿ 'ಎಚ್ ಸೂಚ್ಯಂಕ' ಎಂಬ ಅಳತೆ ಮಾಡಿದರು. ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಲೇಖನಗಳಿದ್ದರೆ ನಿಮ್ಮ ಅಂಕ ಹತ್ತು. ಐದೇ ಲೇಖನ ಬರೆದವರ ಅಂಕ, ಲೋಕವೇ ಅವರನ್ನು ಉಲ್ಲೇಖಿಸಿದರೂ, ಐದನ್ನು ದಾಟುವುದಿಲ್ಲ.

ಇದನ್ನು ಕೇಳಿದಾಗ ನನಗೆ ಮದ್ರಸದ ಪಾಠ ನೆನಪಾಯಿತು. ಹದೀಸ್ ವಿದ್ವಾಂಸರ ಎಣಿಕೆಯಂತೆ ಅಬೂಹುರೈರಾ(ರ)ರಿಂದ ಬಂದ ವರದಿಗಳು 5,374, ಹಝ್ರತ್ ಆಯಿಶಾ(ರ)ರಿಂದ 2,210. ಪ್ರವಾದಿ(ಸ)ಯವರ ಅತ್ಯಂತ ನಿಕಟ ಸಂಗಾತಿ ಅಬೂಬಕರ್(ರ)ರಿಂದ ಬಂದದ್ದು 142 ಮಾತ್ರ. ಪ್ರವಾದಿ(ಸ)ಯವರ ನಂತರ ಅವರು ಬದುಕಿದ್ದದ್ದು ಎರಡು ವರ್ಷಗಳಿಗೆ ಸ್ವಲ್ಪ ಹೆಚ್ಚು ಕಾಲ, ಅದೂ ಖಿಲಾಫತ್ತಿನ ಹೊಣೆ ಹೊತ್ತು. ಈ ಸಂಖ್ಯೆ ನೋಡಿ ಅವರ ಸ್ಥಾನವನ್ನು ಅಳೆದವರು ಯಾರೂ ಇಲ್ಲ.

ಹುಡುಗಿ ನಕ್ಕಳು. "ನಮ್ಮಲ್ಲೂ ಒಬ್ಬರಿದ್ದಾರೆ ಟೀಚರ್, ಸ್ಟೀಫನ್ ವೀಸ್ನರ್" ಎಂದಳು. ಅವಳು ಹೇಳಿದ್ದನ್ನು ಕೇಳಿ, ಆಮೇಲೆ ನಾನೂ ಓದಿ ತಿಳಿದದ್ದು ಇಷ್ಟು.

1970ರ ಸುಮಾರಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವೀಸ್ನರ್‌ಗೆ ಒಂದು ವಿಚಿತ್ರ ಯೋಚನೆ ಬಂತು: ಯಾರೂ ನಕಲು ಮಾಡಲಾಗದ ನೋಟು. ನೋಟಿನೊಳಗೆ ಬೆಳಕಿನ ಕೆಲವು ಕಣಗಳನ್ನು ಹಿಡಿದಿಡಬೇಕು. ಪ್ರತಿ ಕಣದ ಕಂಪನ ನಾಲ್ಕು ದಿಕ್ಕುಗಳಲ್ಲಿ ಒಂದರಲ್ಲಿರುತ್ತದೆ. ಯಾವುದು ಯಾವ ದಿಕ್ಕು ಎಂಬುದು ಬ್ಯಾಂಕಿಗೆ ಮಾತ್ರ ಗೊತ್ತು. ಕಣವನ್ನು ಅಳೆದರೆ ಅದರ ಸ್ಥಿತಿ ಕೆಡಬಹುದು ಎಂಬುದು ಕ್ವಾಂಟಮ್ ನಿಯಮ. ಹಾಗಾಗಿ ಗುಟ್ಟು ತಿಳಿಯದೆ ನಕಲು ಮಾಡಹೊರಟವನು ಅಸಲನ್ನೇ ಕೆಡಿಸಿಬಿಡುತ್ತಾನೆ. ಅಂಥ ನೋಟು ಇಂದಿಗೂ ಬಳಕೆಗೆ ಬಂದಿಲ್ಲ, ಅದು ಬೇರೆ ಮಾತು.

ಆ ಲೇಖನವನ್ನು ಪತ್ರಿಕೆ ಹಿಂದಿರುಗಿಸಿತು. ಅದು ಅಚ್ಚಾದದ್ದು 1983ರಲ್ಲಿ. ನಡುವಿನ ಹತ್ತು ಹನ್ನೆರಡು ವರ್ಷ ಅದರ ಉಲ್ಲೇಖದ ಲೆಕ್ಕ ಸೊನ್ನೆ. ಅಚ್ಚಾಗದ್ದನ್ನು ಎಣಿಸುವುದಾದರೂ ಹೇಗೆ?

ಆದರೆ ವೀಸ್ನರ್‌ರ ಕಾಲೇಜು ದಿನಗಳ ಗೆಳೆಯ ಚಾರ್ಲ್ಸ್ ಬೆನೆಟ್ ಆ ವಿಚಾರವನ್ನು ಮರೆಯಲಿಲ್ಲ. 1979ರಲ್ಲಿ ಪೋರ್ಟೊರಿಕೊದ ಸಮುದ್ರದಲ್ಲಿ ಈಜುತ್ತಿದ್ದಾಗ ಕೆನಡಾದ ಗಿಲ್ಸ್ ಬ್ರಸಾರ್ಡ್ ಎಂಬ ಅಪರಿಚಿತರ ಬಳಿ ಅದನ್ನು ಹೇಳಿಕೊಂಡರು. ಇಬ್ಬರೂ ಸೇರಿ ಆ ಉಪಾಯವನ್ನು ನೋಟಿನಿಂದ ಗುಪ್ತ ಸಂದೇಶಕ್ಕೆ ತಿರುಗಿಸಿದರು. ಸಂದೇಶದ ಬೀಗದ ಕೈಯನ್ನು ಬೆಳಕಿನ ಕಣಗಳಲ್ಲಿ ಕಳಿಸಿದರೆ, ನಡುವೆ ಕದ್ದು ನೋಡಿದವನ ಗುರುತು ಅದರಲ್ಲೇ ಉಳಿಯುತ್ತದೆ. ಇದನ್ನು ಅವರು ಮಂಡಿಸಿದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ, 1984ರ ಡಿಸೆಂಬರ್‌ನ ಒಂದು ಸಮ್ಮೇಳನದಲ್ಲಿ. ಸಮ್ಮೇಳನದ ಸಂಪುಟದಲ್ಲಿ ಅದು ಐದು ಪುಟ. ಆಗ ಅದಕ್ಕೆ ಬೆಲೆ ಕೊಟ್ಟವರು ಕಡಿಮೆ. 1989ರಲ್ಲಿ ಅವರೇ ಉಪಕರಣ ಜೋಡಿಸಿ ಮೂವತ್ತು ಸೆಂಟಿಮೀಟರಿನಷ್ಟು ದೂರ ಬೆಳಕು ಕಳಿಸಿ ತೋರಿಸಿದರು. ಇಂದು ಆ ಐದು ಪುಟಗಳನ್ನು ಉಲ್ಲೇಖಿಸಿದ ಲೇಖನಗಳು ಸಾವಿರಾರು.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಆ ಐದು ಪುಟಗಳಲ್ಲಿ, ಈ ವಿಚಾರವನ್ನು ಮೊದಲು ಹೇಳಿದವರು ವೀಸ್ನರ್ ಎಂದು ಬರೆದಿದೆ. ಹದೀಸ್ ಕಲಿಯುವಾಗ ಉಸ್ತಾದರು ಮೊದಲು ಸನದು ಒಪ್ಪಿಸು ಎನ್ನುತ್ತಿದ್ದರು. ಯಾರಿಂದ ಯಾರಿಗೆ ಬಂತು ಎಂದು ಹೇಳದೆ ಮಾತು ಮುಂದುವರಿಸುವಂತಿರಲಿಲ್ಲ. ಉಲ್ಲೇಖವೆಂದರೆ ಮೂಲದಲ್ಲಿ ಇದೇ, ಸಾಲವನ್ನು ಒಪ್ಪಿಕೊಳ್ಳುವುದು. ಅದು ಅಂಕವಾದದ್ದು ಆಮೇಲೆ. ಅಂಕವಾದ ಮೇಲೆ ಒಂದು ಕೆಲಸವನ್ನು ಮೂರು ಲೇಖನವಾಗಿ ಹರಿದು ಹಂಚುವವರೂ, ನೀನು ನನ್ನ ಹೆಸರು ಹಾಕು ನಾನು ನಿನ್ನದು ಹಾಕುತ್ತೇನೆ ಎನ್ನುವವರೂ ಹುಟ್ಟಿಕೊಂಡರು. ಹಾಗೆಂದು ಎಣಿಕೆಯೇ ಬೇಡ ಎನ್ನಲಾರೆ. ಒಂದು ಹುದ್ದೆಗೆ ಇನ್ನೂರು ಅರ್ಜಿ ಬಂದರೆ ಆರಿಸುವವರು ತಾನೇ ಏನು ಮಾಡಿಯಾರು? ಶಿಫಾರಸಿಗಿಂತ ಅಂಕವೇ ವಾಸಿ ಎನಿಸುವುದೂ ಉಂಟು.

ಬೆನೆಟ್ ಮತ್ತು ಬ್ರಸಾರ್ಡ್‌ರಿಗೆ 2018ರಲ್ಲಿ ವುಲ್ಫ್ ಪ್ರಶಸ್ತಿ ಬಂತು. ವೀಸ್ನರ್‌ರನ್ನೂ ಲೋಕ ಪೂರ್ತಿ ಮರೆಯಲಿಲ್ಲ. 2006ರಲ್ಲಿ ಅವರಿಬ್ಬರ ಜೊತೆ ರ‍್ಯಾಂಕ್ ಪ್ರಶಸ್ತಿಯೂ 2019ರಲ್ಲಿ ಚೀನಾದ ಮಿಸಿಯಸ್ ಪ್ರಶಸ್ತಿಯೂ ಅವರಿಗೆ ಸಂದವು. ಅಷ್ಟು ಹೊತ್ತಿಗೆ ಅವರು ಜೆರುಸಲೇಮಿನಲ್ಲಿದ್ದರು. ಅಲ್ಲಿ ತಾವಾಗಿಯೇ ಆರಿಸಿಕೊಂಡು ಕಟ್ಟಡ ಕೂಲಿ ಕೆಲಸ ಮಾಡುತ್ತಿದ್ದವರು ಅವರು. 2021ರ ಆಗಸ್ಟ್‌ನಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು.

ನನ್ನ ವಿದ್ಯಾರ್ಥಿನಿಗೆ ಇದರಿಂದ ಹುದ್ದೆಯೇನೂ ಸಿಗುವುದಿಲ್ಲ, ಅದು ಅವಳಿಗೂ ಗೊತ್ತು. ರಜೆ ಮುಗಿಸಿ ಹೊರಡುವ ದಿನ ತನ್ನ ಆ ಒಂದೇ ಲೇಖನದ ಪ್ರತಿಯನ್ನು ತಂದುಕೊಟ್ಟಳು. ಗಣಿತ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಯ ಪುಟಕ್ಕೆ ಹೋಗಿ, ಅವಳು ಯಾರ್‍ಯಾರಿಂದ ಕಲಿತಿದ್ದಾಳೆಂದು ಹೆಸರುಗಳನ್ನು ಒಂದೊಂದಾಗಿ ಓದಿದೆ.