ಮೆದುಳಿನ ಗಡ್ಡೆ: ಸಾಲ ಎತ್ತುವ ಮೊದಲು ತಿಳಿಯೋಣ



ಭೋಜದಲ್ಲಿ ದೂಧಗಂಗಾ ನದಿಯಿಂದ ಕಬ್ಬಿಗೆ ಪೈಪ್‌ಲೈನ್ ಎಳೆಯುವುದನ್ನು ನಾವು ನೋಡಿದ್ದೇವೆ. ಮೆದುಳಿನ ಗ್ಲಿಯೊಬ್ಲಾಸ್ಟೋಮಾ ಗಡ್ಡೆಯೂ ಹಾಗೆಯೇ: ವಿ.ಇ.ಜಿ.ಎಫ್. ಎಂಬ ಪ್ರೋಟೀನ್ ಬಿಟ್ಟು ತನಗೆ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಆ ನಾಳಗಳು ಸೊಟ್ಟಪಟ್ಟ, ಸೋರುತ್ತವೆ. ಮೆದುಳಿಗೆ ಬಾವು ಬರುತ್ತದೆ.

ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯ ಔಷಧಿ ಆ ಪ್ರೋಟೀನನ್ನೇ ಹಿಡಿದು ಕಟ್ಟಿಹಾಕುತ್ತದೆ. ಬಾವು ಇಳಿಯಬಹುದು. 2017ರಲ್ಲಿ ಬೆಂಗಳೂರಿನ ಬಯೋಕಾನ್ ಇದನ್ನು 'ಕ್ರಾಬೆವಾ' ಹೆಸರಿನಲ್ಲಿ ಹೊರತಂದಿತು. ಆದರೆ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಹೊಸ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ.

"ಸೂಜಿ ಮಾಡಿಸಿದ್ರ ಉಳೀತಾರೇನ್ರಿ?" ಎಂದು ಕೇಳುತ್ತೀರಿ. ಗುಣ ಆಗೂದಿಲ್ಲ, ನರಳಾಟ ಕಡಿಮಿ ಆಗಬಹುದು. ಆದ್ದರಿಂದ ಸಂಘದ ಸಾಲ ಎತ್ತುವ, ಬಂಗಾರ ಅಡವಿಡುವ ಮೊದಲು ಡಾಕ್ಟರರನ್ನು ಕೇಳಿರಿ: ಏನು ಲಾಭ, ಎಷ್ಟು ಖರ್ಚು, ಬಿ.ಪಿ., ರಕ್ತಸ್ರಾವದ ಭಯ ಎಷ್ಟು? ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಸರ್ಕಾರಿ ಯೋಜನೆಯನ್ನೂ ವಿಚಾರಿಸಿರಿ.