ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ: ಮುಚ್ಚಿಡುವುದು ಇಜ್ಜತ್ ಅಲ್ಲ

(ಜುಮಾ ಬಯಾನ್‌ನ ಸಾರಾಂಶ, ಅಮರಗೋಳ)



ಮಿಂಬರ್ ಮೇಲೆ ನಿಂತು ಈ ವಿಷಯ ಮಾತಾಡಲು ನನಗೆ ಬಹಳ ಸಂಕೋಚವಾಯಿತು. ಸಫ್‌ನಲ್ಲಿ ಹಿರಿಯರಿದ್ದರು, ಚಿಕ್ಕ ಮಕ್ಕಳೂ ಇದ್ದರು. ಹಾಗಾಗಿ ಅಂದು ಅರ್ಧವನ್ನಷ್ಟೇ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಸೀದಿಗೆ ಬಾರದ ತಾಯಂದಿರ ಕೈಗೂ ಈ ಪತ್ರಿಕೆ ತಲುಪುತ್ತದೆ. ಈ ಮಾತು ಮುಖ್ಯವಾಗಿ ಅವರಿಗೇ ಬೇಕಾದದ್ದು.

2025ರ ಏಪ್ರಿಲ್ 13ರಂದು ನಮ್ಮ ಹುಬ್ಬಳ್ಳಿಯಲ್ಲಿ 5 ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಹೋಗಿ ಕೊಂದದ್ದು ನಿಮಗೆಲ್ಲ ನೆನಪಿದೆ. ಸಿಟ್ಟಿಗೆದ್ದ ಜನ ಪೊಲೀಸ್ ಠಾಣೆಯ ಮುಂದೆ ಸೇರಿದರು. ಆರೋಪಿ ಬಿಹಾರದಿಂದ ಬಂದವನು. ಅಂದೇ ಪೊಲೀಸರ ಗುಂಡಿಗೆ ಸತ್ತ. ಆಮೇಲೆ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಗುರುತಿಲ್ಲದವರ ಹತ್ತಿರ ಹೋಗಬೇಡ." ಮಾತು ಸರಿಯಾದದ್ದೇ. ಆದರೆ ಅಷ್ಟೇ ಹೇಳಿ ನಿಶ್ಚಿಂತರಾದರೆ ನಾವು ತಪ್ಪು ಬಾಗಿಲಿಗೆ ಬೀಗ ಹಾಕಿದಂತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಗಳ ಪ್ರಕಾರ ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಮೊದಲೇ ಗೊತ್ತಿರುವವರು. ನೆಂಟರು, ನೆರೆಯವರು, ಮನೆಗೆ ಬಂದುಹೋಗುವವರು, ಪಾಠ ಹೇಳುವವರು.

ನಾನೇ ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನ ಮಸೀದಿಯಲ್ಲಿದ್ದಾಗ, ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. "ಹಜರತ್, ಇವಗ ನಜರ್ ಆಗೇದ. ರಾತ್ರಿ ಚೀರಿ ಏಳ್ತಾನ, ಹಾಸಿಗ್ಯಾಗ ಉಚ್ಚಿ ಮಾಡ್ಕೋತಾನ. ಟ್ಯೂಷನ್ನಿಗೆ ಹೋಗು ಅಂದ್ರ ಹೊಟ್ಟಿ ನೋವು ಅಂತಾನ. ಮೊದಲ ಹಿಂಗ ಇರಲಿಲ್ಲ" ಎಂದರು.

ನಾನು ದುಆ ಓದಿ, ನೀರಿಗೆ ದಮ್ ಮಾಡಿ ಕೊಟ್ಟೆ. "ಟ್ಯೂಷನ್ ತಪ್ಪಿಸಬಾರದು, ಕಲಿಸುವವರಿಗೆ ಮರ್ಯಾದೆ ಕೊಡಬೇಕು" ಎಂದು ಹುಡುಗನಿಗೆ ಬುದ್ಧಿಯನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಹೋದ. ಆರು ತಿಂಗಳಾದ ಮೇಲೆ ಅವನು ತನ್ನ ಖಾಲಾ ಬಳಿ ಬಾಯಿಬಿಟ್ಟಾಗ ವಿಷಯ ತಿಳಿಯಿತು. ಆ ಟ್ಯೂಷನ್ ಮನೆಯಲ್ಲೇ ಅವನ ಮೇಲೆ ದೌರ್ಜನ್ಯ ನಡೆಯುತ್ತಿತ್ತು. ನಾನು ಅವನನ್ನು ವಾಪಸ್ ಅಲ್ಲಿಗೇ ಕಳಿಸಿದ್ದೆ.

ದಮ್ ಮಾಡಿದ್ದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಹುಡುಗ ಬಾಯಿಂದ ಹೇಳದಿದ್ದರೂ ಮೈಯಿಂದ ಎಲ್ಲ ಹೇಳುತ್ತಿದ್ದ. ಅದನ್ನು ಓದಲು ನನಗೆ ಬರುತ್ತಿರಲಿಲ್ಲ.

ಯಾವುದು ದೌರ್ಜನ್ಯ?

ಬಲಾತ್ಕಾರವಾದರೆ ಮಾತ್ರ ದೌರ್ಜನ್ಯ ಎಂದು ಹಲವರ ತಿಳುವಳಿಕೆ. ಹಾಗಲ್ಲ. ಕೆಟ್ಟ ಉದ್ದೇಶದಿಂದ ಮಗುವಿನ ಸತರ್‌ನ ಭಾಗ ಮುಟ್ಟುವುದು, ತನ್ನದನ್ನು ಮುಟ್ಟಿಸಿಕೊಳ್ಳುವುದು, ಬಟ್ಟೆ ತೆಗೆಸಿ ನೋಡುವುದು, ಫೋಟೊ ತೆಗೆಯುವುದು, ಮೊಬೈಲ್‌ನಲ್ಲಿ ಅಶ್ಲೀಲ ಚಿತ್ರ ತೋರಿಸುವುದು ಎಲ್ಲವೂ ದೌರ್ಜನ್ಯ. ಬಟ್ಟೆಯ ಮೇಲಿಂದ ಮುಟ್ಟಿದರೂ ಅದು ಅಪರಾಧವೇ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಇದು ಹೆಣ್ಣುಮಕ್ಕಳ ಸಮಸ್ಯೆ ಮಾತ್ರವೂ ಅಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳಲ್ಲಿ 12,000ಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಲಾಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಕಡಿಮೆ ಇರಲಿಲ್ಲ. "ಗಂಡು ಹುಡುಗ, ಅವನಿಗೇನಾಗುತ್ತದೆ" ಎಂಬ ಮಾತನ್ನು ಇವತ್ತೇ ಬಿಡಿ.

ಹೀಗೆ ಮಾಡುವವನು ಮೊದಲ ದಿನವೇ ಹೆದರಿಸುವುದಿಲ್ಲ. ಮೊದಲು ಮನೆಯವರ ವಿಶ್ವಾಸ ಗಳಿಸುತ್ತಾನೆ. ಮಗುವಿಗೆ ಚಾಕೊಲೇಟ್, ಮೊಬೈಲ್ ಗೇಮ್, ಗಾಡಿ ಮೇಲೆ ಸುತ್ತಾಟ. ಆಮೇಲೆ ಒಂಟಿಯಾಗಿ ಸಿಗುವಂತೆ ನೋಡಿಕೊಳ್ಳುತ್ತಾನೆ. "ಇದು ನಮ್ಮಿಬ್ಬರ ಗುಟ್ಟು" ಎನ್ನುತ್ತಾನೆ. ಕೊನೆಗೆ "ಹೇಳಿದರೆ ಅಮ್ಮಿ ನಿನಗೇ ಹೊಡೆಯುತ್ತಾಳೆ" ಎಂದು ಬಾಯಿ ಮುಚ್ಚಿಸುತ್ತಾನೆ. ಮನೆಯಲ್ಲಿ ಮಾತುಮಾತಿಗೆ ಬೈಗುಳ, ಏಟು ಇದ್ದರೆ ಮಗು ಅವನ ಮಾತನ್ನೇ ನಂಬುತ್ತದೆ.

ಗುರುತಿಸುವುದು ಹೇಗೆ?

ಇದ್ದಕ್ಕಿದ್ದಂತೆ ಮಗು ಬದಲಾಗುವುದು ಮುಖ್ಯ ಸೂಚನೆ. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನೋ ಜಾಗವನ್ನೋ ಕಂಡರೆ ಹೆದರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಕೆಟ್ಟ ಕನಸು, ಊಟ ಬೇಡವೆನ್ನುವುದು, ಓದಿನಲ್ಲಿ ಹಿಂದೆ ಬೀಳುವುದು, ಸ್ನಾನಕ್ಕೆ, ಬಟ್ಟೆ ಬದಲಿಸಲು ಗಾಬರಿಪಡುವುದು, ವಯಸ್ಸಿಗೆ ಮೀರಿದ ಮಾತು ಅಥವಾ ಆಟ, ಯಾರು ಕೊಟ್ಟರೆಂದು ಹೇಳದ ಹಣ, ಉಡುಗೊರೆ. ಮೂತ್ರ ಮಾಡುವಾಗ ಉರಿ, ಗುಪ್ತಾಂಗದಲ್ಲಿ ನೋವು, ಒಳಬಟ್ಟೆಯಲ್ಲಿ ರಕ್ತದ ಕಲೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ದೌರ್ಜನ್ಯ ನಡೆದಿದೆ ಎಂದು ಹೇಳಲಾಗದು, ಬೇರೆ ಕಾರಣವೂ ಇರಬಹುದು. ಯಾವ ಗುರುತೂ ಕಾಣದ ಮಕ್ಕಳೂ ಇದ್ದಾರೆ. ಆದ್ದರಿಂದ ಬದಲಾವಣೆ ಕಂಡರೆ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ವಿಚಾರಿಸಿ.

ದೀನ್ ಏನು ಹೇಳುತ್ತದೆ?

ಇಂಥ ಸುದ್ದಿ ಬಂದಾಗ ನಮ್ಮಲ್ಲಿ ಕೇಳಿಬರುವ ಮೊದಲ ಮಾತು: "ಮುಚ್ಚಿಬಿಡಿ, ಖಾನ್‌ದಾನ್‌ನ ಇಜ್ಜತ್ ಪ್ರಶ್ನೆ." ಮುಸ್ಲಿಮನ ಐಬು ಮುಚ್ಚಿದವನ ಐಬನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬ ಹದೀಸನ್ನು ಇದಕ್ಕೆ ಆಧಾರವಾಗಿ ತರುತ್ತಾರೆ. ಆ ಹದೀಸ್ ಒಬ್ಬನು ಎಡವಿ ಮಾಡಿದ ಸ್ವಂತ ತಪ್ಪಿನ ಬಗ್ಗೆ. ಇನ್ನೊಬ್ಬರಿಗೆ ಕೇಡು ಮಾಡುವವನನ್ನು ಬಚ್ಚಿಡಲು ಅಲ್ಲ ಎಂದು ಉಲಮಾಗಳು ವಿವರಿಸಿದ್ದಾರೆ. ಮಗುವಿನ ಮೇಲೆ ಆದದ್ದು ಐಬಲ್ಲ, ಜುಲ್ಮ್. ಜಾಲಿಮನಾದ ಸೋದರನಿಗೆ ಸಹಾಯ ಮಾಡುವುದೆಂದರೆ ಅವನ ಕೈ ತಡೆಯುವುದು ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ.

ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ. ಆದರೆ ಜುಲ್ಮ್‌ಗೆ ಒಳಗಾದವರಿಗೆ ಆ ನಿರ್ಬಂಧವಿಲ್ಲ ಎಂದು ಸೂರಃ ಅನ್ನಿಸಾದ 148ನೇ ಆಯತ್ ತಿಳಿಸುತ್ತದೆ. ಅದೇ ಸೂರಃದ 135ನೇ ಆಯತ್ ತಂದೆತಾಯಿ, ಬಂಧುಗಳ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನುಡಿಯಲು ಆದೇಶಿಸುತ್ತದೆ. "ನಾಲ್ಕು ಸಾಕ್ಷಿ ಎಲ್ಲಿ?" ಎಂದು ಮಗುವನ್ನು ಕೇಳುವವರಿಗೆ ನನ್ನ ವಿನಂತಿ: ಆ ನಿಯಮ ಬಂದದ್ದು ವ್ಯಭಿಚಾರದ ಆರೋಪ ಹೊರಿಸುವವರ ಬಾಯಿಗೆ ಕಡಿವಾಣ ಹಾಕಲು. ನೊಂದ ಮಗುವಿನ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ದೀನ್‌ಗೆ ಮಾಡುವ ಅನ್ಯಾಯ.

ಮಗುವಿಗೆ ಏನು ಕಲಿಸಬೇಕು?

ಫಜ್ರ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾ ನಂತರ ಮಕ್ಕಳೂ ಅನುಮತಿ ಕೇಳಿಯೇ ಕೋಣೆಗೆ ಬರಬೇಕು ಎಂದು ಸೂರಃ ಅನ್ನೂರ್‌ನ 58ನೇ ಆಯತ್‌ನಲ್ಲಿದೆ. ಹತ್ತು ವರ್ಷವಾದಾಗ ಮಕ್ಕಳ ಹಾಸಿಗೆ ಬೇರೆ ಮಾಡಿ ಎಂದು ಹದೀಸ್‌ನಲ್ಲಿದೆ. ಅಂದರೆ ಮೈಯ ಮರ್ಯಾದೆಯನ್ನು ಚಿಕ್ಕಂದಿನಲ್ಲೇ ಕಲಿಸಬೇಕು. ಇದು ಬೇಶರಮ್ ಮಾತಲ್ಲ, ಹಯಾದ ಪಾಠವೇ.

ಮೂರ್ನಾಲ್ಕು ವರ್ಷದ ಮಗುವಿಗೂ ಹೀಗೆ ಹೇಳಬಹುದು: "ಚಡ್ಡಿ ಮುಚ್ಚುವ ಜಾಗ ನಿನ್ನದು. ತೊಳೆಯುವಾಗ ಅಮ್ಮಿ, ಕಾಯಿಲೆಯಾದಾಗ ಅಮ್ಮಿಯ ಎದುರಲ್ಲಿ ಡಾಕ್ಟರು, ಅಷ್ಟೇ. ಬೇರೆ ಯಾರೇ ಮುಟ್ಟಿದರೂ ಬೇಡ ಅನ್ನು, ಅಲ್ಲಿಂದ ಓಡು, ನನಗೆ ಬಂದು ಹೇಳು. ಚಾಚಾ ಆದರೂ, ಮಾಮೂ ಆದರೂ, ಹಜರತ್ ಆದರೂ ಹೇಳು. ನಾನು ಬೈಯುವುದಿಲ್ಲ." ಯಾರನ್ನಾದರೂ ಅಪ್ಪಿಕೊಳ್ಳಲು, ಮುತ್ತು ಕೊಡಲು ಮಗು ಒಲ್ಲೆನೆಂದರೆ ಒತ್ತಾಯ ಮಾಡಬೇಡಿ. ಸಲಾಮ್ ಹೇಳಿದರೆ ಸಾಕು.

ಮಗು ಹೇಳಿದಾಗ

ಮೊದಲನೆಯದು, ನಂಬಿ. "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎನ್ನಿ. ಕೂಗಾಡಬೇಡಿ, "ನೀನೇಕೆ ಹೋದೆ" ಎನ್ನಬೇಡಿ, ನಾಲ್ಕು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಘಟನೆ ಆಗಷ್ಟೇ ನಡೆದಿದ್ದರೆ ಸ್ನಾನ ಮಾಡಿಸದೆ, ಆ ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಪೊಲೀಸ್ ಕಾಗದ ತನ್ನಿ ಎಂದು ಕಾಯಿಸುವಂತಿಲ್ಲ.

1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಮಗುವೇ ಕರೆ ಮಾಡಬಹುದು. ತುರ್ತಿಗೆ 112. 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು, ಆಗ ಪೊಲೀಸರು ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಪತ್ರಿಕೆ, ಟಿ.ವಿ.ಗಳು ಮಗುವಿನ ಹೆಸರು, ಗುರುತು ಬಯಲು ಮಾಡುವುದು ಅಪರಾಧ. "ಠಾಣೆಗೆ ಹೋದರೆ ಮಾನ ಹೋಗುತ್ತದೆ" ಎಂಬ ಹೆದರಿಕೆಗೆ ಕಾನೂನಿನಲ್ಲೇ ಉತ್ತರವಿದೆ.

ಇನ್ನೊಂದು ಮಾತು ಜಮಾಅತ್‌ನ ಹಿರಿಯರಿಗೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. 6 ತಿಂಗಳವರೆಗೆ ಜೈಲು ಶಿಕ್ಷೆ ಇದೆ. ಇದು ನನಗೂ ಅನ್ವಯಿಸುತ್ತದೆ, ಮುತವಲ್ಲಿಗಳಿಗೂ. ಹಣ ಕೊಡಿಸಿ, ಮಾಫಿ ಕೇಳಿಸಿ ಕೂತಲ್ಲೇ ರಾಜಿ ಮಾಡಿಸುವ ಅಧಿಕಾರ ಯಾವ ಪಂಚಾಯ್ತಿಗೂ ಇಲ್ಲ. ಹಾಗೆ ಬಿಟ್ಟವನು ನಾಳೆ ಇನ್ನೊಂದು ಮಗುವಿನ ಹತ್ತಿರ ಹೋಗುತ್ತಾನೆ. ಅದರ ಪಾಲು ನಮ್ಮ ಲೆಕ್ಕಕ್ಕೂ ಬರುತ್ತದೆ.

ಬೇರೆಯವರ ಮನೆ ತೋರಿಸುವ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ. ಮಸೀದಿ, ಮದ್ರಸಾಗಳಲ್ಲಿ ಪಾಠ ತೆರೆದ ಬಾಗಿಲಲ್ಲೇ ನಡೆಯಲಿ. ಕಲಿಸುವವರ ಪೂರ್ವಾಪರ ವಿಚಾರಿಸಿಯೇ ನೇಮಿಸಿ. ಒಂಟಿ ಮಗುವನ್ನು ಯಾರ ಕೋಣೆಗೂ ಕೆಲಸಕ್ಕೆ, ಕಾಲೊತ್ತಲು ಕಳಿಸುವುದು ಬೇಡ. ತಂದೆತಾಯಿ ಹೇಳದೆ ಕೇಳದೆ ಬಂದು ನೋಡಬಹುದು. ನನ್ನ ಪಾಠಕ್ಕೂ ಬನ್ನಿ, ನನಗೆ ಬೇಸರವಿಲ್ಲ.

ನಿಮ್ಮಲ್ಲಿ ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಹಿಂಡಿನ ಬಗ್ಗೆ ಪ್ರತಿಯೊಬ್ಬನನ್ನೂ ಪ್ರಶ್ನಿಸಲಾಗುವುದು ಎಂಬ ಹದೀಸಿನ ಅರ್ಥ ನಮಗೆಲ್ಲ ಗೊತ್ತು. ಇವತ್ತು ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು ಮಗುವಿನ ಪಕ್ಕ ಹತ್ತು ನಿಮಿಷ ಕೂತುಕೊಳ್ಳಿ. "ನಿನಗೆ ಯಾರಾದರೂ ಹೆದರಿಕೆ ಹುಟ್ಟಿಸುತ್ತಾರಾ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

ಅಲ್ಲಾಹನು ನಮ್ಮ ಮಕ್ಕಳನ್ನು ಎಲ್ಲ ಕೇಡಿನಿಂದ ಕಾಪಾಡಲಿ, ನೊಂದ ಮಕ್ಕಳಿಗೆ ಶಿಫಾ ಕೊಡಲಿ, ಅವರ ಮಾತು ಕೇಳುವ ಕಿವಿ ನಮಗೆ ಕೊಡಲಿ. ಆಮೀನ್.